ಶುಕ್ರವಾರದ ಮರಗಳು

ಅರಬ್ಬಿ ಕಡಲಿನ ಕಿಲ್ತಾನ್ ದ್ವೀಪದ ಉದ್ದ ಎರಡು ಮೈಲಿಯಷ್ಟೇ. ಅಗಲದ ಮಾತೇ ಬೇಡ, ಜೋರಾಗಿ ಕಲ್ಲೆಸೆದರೆ ಆಚೆ ಕಡಲಿಗೆ ಬಿದ್ದೀತು. ಇಷ್ಟನ್ನು ಅಳೆಯಲು ಮಂಗಳೂರಿನಿಂದ ಒಬ್ಬ ಬಿಳಿ ದೊರೆ, ಒಬ್ಬ ಗುಮಾಸ್ತ, ಸರಪಳಿ ಹೊರುವ ನಾಲ್ವರು, ದೊರೆಯ ಊಟದ ಕೋಳಿಗಳು ಎಲ್ಲ ಹಾಯಿಹಡಗಿನಲ್ಲಿ ಬಂದಿಳಿದವು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ದೊರೆ ಎರಡೇ ದಿನದಲ್ಲಿ ದ್ವೀಪವನ್ನು ಅರೆದು ಕುಡಿದವನಂತೆ ಆಡತೊಡಗಿದ.

ತೆಕ್ಕಿಲ್ಲಂ ಮನೆಯ ಆಟ್ಟಬೀಗೆ ಇಂಥವರನ್ನು ಕಂಡರೆ ಅಷ್ಟಕ್ಕಷ್ಟೆ. ಕಡಲಂಚಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನ ಸಿಪ್ಪೆ ಬಡಿದು, ನಾರು ಬಿಡಿಸಿ, ಹುರಿ ಹೊಸೆದು ಅವಳ ಅಂಗೈ ಕಲ್ಲಾಗಿತ್ತು. ಆ ಹುರಿಯನ್ನು ಸರ್ಕಾರ ತಾನು ಹೇಳಿದ ದರಕ್ಕೆ ಒಯ್ದು, ಬದಲಿಗೆ ಅಕ್ಕಿ ಕೊಡುತ್ತಿತ್ತು.

“ಅವರ ಅಕ್ಕಿಯಲ್ಲೂ ಹುಳ, ತಲೆಯಲ್ಲೂ ಹುಳ” ಎನ್ನುತ್ತಿದ್ದಳು ಆಟ್ಟಬೀ.

ಮೂರನೆಯ ಬೆಳಿಗ್ಗೆ ಗುಮಾಸ್ತ ಯಾವ ಮರ ಯಾರ ಹೆಸರಿಗೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತ ತೆಕ್ಕಿಲ್ಲಂಗೆ ಬಂದ. ಆಟ್ಟಬೀ ಗುಂಡಿಯ ಬಳಿ ಇದ್ದಳು. ಜಗಲಿಯ ಮೇಲಿದ್ದವನು ಅವಳ ಗಂಡ ಕಾಸ್ಮಿಕೋಯ. ಆ ದ್ವೀಪದ ಗಂಡಂದಿರು ಸಂಜೆ ಹೆಂಡತಿಯ ಮನೆಗೆ ಬಂದು ಬೆಳಕು ಹರಿಯುತ್ತಲೇ ತಾಯಿಮನೆಗೆ ಹೊರಡುವವರು. ಇವನೋ ಮಹಾ ಸೋಮಾರಿ, ಬಿಸಿಲೇರುವವರೆಗೆ ಕಾಲು ಚಾಚಿಕೊಂಡು ಅಲ್ಲೇ ಬಿದ್ದಿರುತ್ತಿದ್ದ.

“ಮನೆ ಯಜಮಾನ್ರು ತಾವೇ ಅಲ್ವಾ?” ಎಂದ ಗುಮಾಸ್ತ.

ಹುಟ್ಟಿದಾರಭ್ಯ ಕಾಸ್ಮಿಕೋಯನನ್ನು ಯಾರೂ ‘ತಾವು’ ಎಂದಿರಲಿಲ್ಲ. ಗಡ್ಡ ನೀವಿಕೊಂಡು, “ಮತ್ತೆ? ನಾನೇ” ಎಂದುಬಿಟ್ಟ. ಅರವತ್ತು ಮರಗಳು ಅವನ ಹೆಸರಿಗೆ ಏರಿದವು.

ಸುದ್ದಿ ತಿಳಿದ ಆಟ್ಟಬೀ ನಾರು ಬಡಿಯುವ ಕೋಲು ಹಿಡಿದೇ ಓಡಿ ಬಂದಳು.

“ಎಂತ ಮಾಡಿ ಇಟ್ಟಿದ್ದೀರಿ ಮಾರಾಯ್ರೆ? ಅದು ಶುಕ್ರವಾರದ ಆಸ್ತಿ. ಅಜ್ಜಿಯಿಂದ ಉಮ್ಮನಿಗೆ, ಉಮ್ಮನಿಂದ ನಂಗೆ, ನಾಳೆ ನನ್ನ ಹೆಣ್ಣುಮಕ್ಕಳಿಗೆ. ನೀವು ದುಡಿದು ಮಾಡಿದ ಸೋಮವಾರದ ಆಸ್ತಿ ಒಂದು ಗರಿಯಾದ್ರೂ ಉಂಟಾ?”

“ಬರೀ ಕಾಗದ ಅಲ್ವಾ ಆಟ್ಟಬೀ. ಕಾಗದದಲ್ಲಿ ಕಾಯಿ ಬಿಡ್ತದಾ?”

“ಗಂಡಸಿನ ಆಸ್ತಿ ತಂಗಿ ಮಕ್ಕಳಿಗೆ ಹೋಗೂದಲ್ವಾ? ಆ ಕಾಗದ ಹಿಡ್ಕೊಂಡು ನಿಮ್ಮ ತಂಗಿ ಮಕ್ಕಳು, ‘ಇದು ನಮ್ಮ ಮಾವಂದು’ ಅಂತ ಮರ ಹತ್ತಿದ್ರೆ? ನನ್ನ ಮಕ್ಕಳು ಅವರ ಅಂಗಳಕ್ಕೆ ಹೋಗಿ ಕಾಯಿ ಬೇಡ್ಬೇಕಾ?”

ಅವನನ್ನು ಎಳೆದುಕೊಂಡೇ ಅವಳು ದೊರೆಯ ಡೇರೆಗೆ ಹೋದಳು.

ದೊರೆ ಕಾಸ್ಮಿಕೋಯನಿಗೆ ಕುರ್ಚಿ ಕೊಡಿಸಿದ. ಆಟ್ಟಬೀ ನಿಂತೇ ಇದ್ದಳು. ಗುಮಾಸ್ತ ವಿಷಯ ವಿವರಿಸಿದಾಗ ದೊರೆ ಹೊಟ್ಟೆ ಕುಣಿಸಿ ನಕ್ಕ.

“ಹೆಂಡ್ತಿ ಆಸ್ತಿ ಅಂದ್ರೆ ಗಂಡಂದೇ, ಎಲ್ಲಾ ದೇಶದಲ್ಲೂ ಹಂಗೇ, ಅಂತಾರೆ ದೊರೆಗಳು” ಎಂದ ಗುಮಾಸ್ತ.

“ಹೌದಾ? ನಿಮ್ಮ ದೊರೆ ರಾಣಿಯ ಚಾಕರಿ ಮಾಡೂದಲ್ವಾ? ಆ ರಾಜ್ಯ ರಾಣೀದಾ, ಅವಳ ಗಂಡಂದಾ? ಕೇಳಿ ಹೇಳಿ.”

ಗುಮಾಸ್ತ ಪುಸ್ತಕ ಮಡಚಿದ. ಆ ಮಾತು ದೊರೆಯವರೆಗೆ ಹೋಗಲೇ ಇಲ್ಲ.

ಅವಳು ಗಂಡನ ಕಡೆ ತಿರುಗಿದಳು. “ನೀವೇ ಹೇಳಿ. ಮರ ಯಾರದ್ದು?”

ಕಾಸ್ಮಿಕೋಯ ದೊರೆಯ ಮುಖ ನೋಡಿದ, ಕುರ್ಚಿಯ ಕೈ ಸವರಿದ, ಬಾಯಿ ಬಿಡಲಿಲ್ಲ. ಇಪ್ಪತ್ತಾರು ವರ್ಷ ಮೀನುಸಾರು ಬಡಿಸಿದ ಕೈ ಒಂದು ಮಾತು ಕೇಳಿದರೆ ಅದನ್ನೂ ಕೊಡಲಾರದ ಗಂಡಸು! ದೊರೆಯ ಮೇಲೆ ಅವಳಿಗೆ ಬಂದದ್ದು ಬರೀ ಸಿಟ್ಟು. ಇವನನ್ನು ನೋಡಿ ಹೇಸಿಗೆಯಾಯಿತು. ಮಧ್ಯಾಹ್ನ ಹಡಗು ಆ ಪುಸ್ತಕವನ್ನು ಹೊತ್ತು ಹೊರಟುಹೋಯಿತು.

“ಜುಮ್ಮಾ ನಮಾಜು ಮುಗಿದ ಮೇಲೆ ಹಿರಿಯರ ಮುಂದೆ ನಿಂತು ಹೇಳಿ. ಹೇಳದಿದ್ರೆ ನಿಮ್ಮ ಮಯ್ಯತ್ತು ಹೊರ್ಲಿಕ್ಕೂ ನನ್ನ ಮಕ್ಕಳು ಬರೂದಿಲ್ಲ” ಎಂದಳು ಆಟ್ಟಬೀ.

ಕಾಸ್ಮಿಕೋಯ ಹೆದರಿದ. ಶುಕ್ರವಾರ ಮಸೀದಿಯ ಅಂಗಳದಲ್ಲಿ ಎದ್ದು ನಿಂತು, “ಆ ಮರ ನನ್ನದಲ್ಲ, ಆ ಮನೇಲಿ ನಾನು ನೆಂಟ” ಎಂದ. ಊರು ಗೊಳ್ಳೆಂದು ನಕ್ಕಿತು. ಖಾಜಿ ಎಲ್ಲರನ್ನೂ ಸಾಕ್ಷಿ ಇಟ್ಟ. ಅವನ ತಂಗಿಯ ಮಕ್ಕಳೂ ತಲೆ ತಗ್ಗಿಸಿ ಒಪ್ಪಿದರು. ಮಂಗಳೂರಿನ ಕಾಗದಕ್ಕೆ ಗೆದ್ದಲು ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಕಿಲ್ತಾನಿನಲ್ಲಿ ಇನ್ನು ಆ ಮರ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಜೆ ಅವನು ಹಗುರಾದ ಮನಸ್ಸಿನಿಂದ ತೆಕ್ಕಿಲ್ಲಂನ ಬಾಗಿಲು ತಟ್ಟಿದ.

“ಹೇಳಿದೆನಲ್ಲ ಆಟ್ಟಬೀ. ತೆಗಿ.”

“ಅದು ಮಕ್ಕಳ ಮರಕ್ಕೆ ಹೇಳಿಸಿದ್ದು. ನನಗೋಸ್ಕರ ಹೇಳೂದಾದ್ರೆ ಅವತ್ತೇ ಹೇಳ್ಬೇಕಿತ್ತು. ಹೋಗಿ, ನಿಮ್ಮ ಉಮ್ಮನ ಮನೇಲಿ ಊಟ ಉಂಟು.”

ಅವನು ಇನ್ನೆರಡು ಸಲ ಕರೆದ. ಬಾಗಿಲ ಹಿಂದೆ ಆಟ್ಟಬೀ ಬಾಯಿಗೆ ಬಟ್ಟೆ ಒತ್ತಿ ಅತ್ತಳು, ಅಗುಳಿ ಮಾತ್ರ ತೆಗೆಯಲಿಲ್ಲ.