ಗ್ಯಾಸಿನವನು ಕೂಗಿ ಕರೆಯಲಿಲ್ಲ

ನಸೀಮಾ ಆಂಟಿ ಚೌಕಾಸಿ ಮುರಿದು ಅಂಗಡಿಯಿಂದ ಹೊರಡುವ ಚಂದವನ್ನು ನೋಡಬೇಕಿತ್ತು. ಬ್ಯಾಗನ್ನು ಹೆಗಲಿಗೇರಿಸಿ, ದುಪಟ್ಟಾ ಸರಿಪಡಿಸಿಕೊಂಡು, ಚಪ್ಪಲಿ ಎಳೆಯುತ್ತ ನಿಧಾನವಾಗಿ ಹೊರಡುವರು. ಮುಖ ಬಾಗಿಲ ಕಡೆ, ಗಮನವೆಲ್ಲ ಬೆನ್ನ ಹಿಂದೆ. ‘ಬನ್ನಿ ಅಮ್ಮಾ, ನಿಮ್ಮ ಬೆಲೆಗೇ ತಗೊಳ್ಳಿ’ ಎಂದು ಯಾರಾದರೂ ಕೂಗಬೇಕು. ಮೈಸೂರಿನ ಮಾರುಕಟ್ಟೆಯಲ್ಲಿ ಕೂಗುತ್ತಿದ್ದರು. ಇಲ್ಲಿ, ಅಮೆರಿಕದ ಸಿಯಾಟಲ್ ಸುತ್ತಮುತ್ತ, ‘ಹ್ಯಾವ್ ಎ ನೈಸ್ ಡೇ’ ಎನ್ನುತ್ತಿದ್ದರು.

ಆಂಟಿಯ ತಂದೆಗೆ ಮೈಸೂರಿನಲ್ಲಿ ವೀಳ್ಯದೆಲೆ ಅಂಗಡಿಯಿತ್ತು. “ಗಿರಾಕಿ ತಿರುಗಿದ ತಕ್ಷಣ ಕೂಗಿದ್ರೆ ನಾವು ಸೋತ ಹಾಗೆ. ಪಕ್ಕದಂಗಡಿ ಮುಟ್ಟಿಬಿಟ್ರೆ ಗಿರಾಕಿ ಹೋದ ಹಾಗೆ. ನಡುವೆ ಒಂದು ಗಳಿಗೆ ಇದೆ ಕಣೋ. ಅದು ಅಬ್ಬಾಗೆ ಗೊತ್ತಿತ್ತು” ಎಂದು ಆಂಟಿ ನನಗೆ ಹೇಳುತ್ತಿದ್ದರು.

ಒಮ್ಮೆ ವುಡಿನ್‌ವಿಲ್‌ನ ಒಂದು ನರ್ಸರಿಯಲ್ಲಿ ಅಂಚು ಒಡೆದ ಕುಂಡಗಳ ಬೆಲೆ ಇಳಿಸಲು ಕೇಳಿದರು. ಆಗುವುದಿಲ್ಲ ಎಂದಾಗ ಎಂದಿನಂತೆ ಹೊರಟರು. ಕಾರಿನ ಹತ್ತಿರ ಬಂದಾಗ ಹಿಂದಿನಿಂದ ‘ಮ್ಯಾಮ್, ಮ್ಯಾಮ್!’ ಎಂಬ ಕೂಗು. “ನೋಡಿದ್ಯಾ?” ಎಂದು ನನಗೆ ಹುಬ್ಬು ಹಾರಿಸಿ ತಿರುಗಿದರು. ಓಡಿಬಂದ ಹುಡುಗಿಯ ಕೈಯಲ್ಲಿ ಅವರು ಮರೆತುಬಂದ ಕನ್ನಡಕವಿತ್ತು. ಆಂಟಿ ಅದನ್ನು ಇಸಿದುಕೊಂಡು, ಹೇಗೂ ಕರೆದಿದ್ದೀಯಲ್ಲ, ಈಗ ಕೊನೇ ಬೆಲೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕುಂಡಗಳು ಅರ್ಧ ಬೆಲೆಗೆ ಬಂದವು.

ನನಗೆ ಎಲ್ಲವನ್ನೂ ದಿನಾಂಕ ಹಾಕಿ ಲೆಕ್ಕ ಇಡುವ ಚಟ. ಹಲ್ಲುಜ್ಜುವ ಬ್ರಷ್ ಬದಲಿಸಿದ ದಿನವೂ ನನ್ನ ಡೈರಿಯಲ್ಲಿದೆ. ಅಂದು ‘ಆಂಟಿಯ ಗೆಲುವು: ಒಂದು’ ಎಂದು ಬರೆದೆ. ಯಾವ ಅಂಗಡಿಯಿಂದಲೂ ಆ ಒಂದು ಎರಡಾಗಲಿಲ್ಲ.

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟ ಮೇಲೆ ಆಂಟಿ ಹತ್ತಿರದ ಡುವಾಲ್ ಊರಿನಲ್ಲಿ ಗ್ರೀನ್‌ಹೌಸ್ ಹಾಕಿ ವೀಳ್ಯದೆಲೆ ಬೆಳೆಯುತ್ತಿದ್ದರು. ನಮ್ಮವರ ಗೌರಿ ಹಬ್ಬಗಳಿಗೆಲ್ಲ ಅವರದೇ ಎಲೆ. ಎಲೆ ಕೊಳ್ಳಲು ಹೋದ ನಾನು, ಯಾರೂ ಕೇಳದೆಯೇ, ಅವರ ವ್ಯಾಪಾರದ ಸಲಹೆಗಾರನಾದೆ. ಚಳಿಗಾಲದಲ್ಲಿ ಬಳ್ಳಿ ಬದುಕಬೇಕಾದರೆ ಹೀಟರ್ ಹಗಲೂ ರಾತ್ರಿ ಉರಿಯಬೇಕು. ಅದಕ್ಕೆ ಟ್ಯಾಂಕಿಗೆ ಪ್ರೊಪೇನ್ ಗ್ಯಾಸ್ ತುಂಬಿಸಬೇಕು. ಬೇಸಿಗೆಯಲ್ಲೇ ಒಪ್ಪಂದ ಮಾಡಿಕೊಂಡರೆ ಇಡೀ ಚಳಿಗಾಲಕ್ಕೆ ಒಂದೇ ದರ. ಇಲ್ಲದಿದ್ದರೆ ತುಂಬಿಸುವ ದಿನ ಎಷ್ಟಿದೆಯೋ ಅಷ್ಟು.

ಜುಲೈನಲ್ಲಿ ಗ್ಯಾಸ್ ಕಂಪನಿಯವನು ಫೋನ್ ಮಾಡಿ ದರ ಹೇಳಿದ. ಹಳೆಯ ದರಗಳ ಗ್ರಾಫ್ ಬಿಡಿಸಿಕೊಂಡು ನಾನು ಪಕ್ಕದಲ್ಲೇ ಕೂತಿದ್ದೆ.

“ಆಂಟಿ, ಇನ್ನೂ ಇಳಿಯತ್ತೆ. ಸೆಪ್ಟೆಂಬರ್‌ವರೆಗೆ ಕಾಯೋಣ.”

“ಗ್ರಾಫ್ ಗೀಫ್ ನಂಗೊತ್ತಿಲ್ಲ. ಇವನು ಜಾಸ್ತಿ ಹೇಳ್ತಿದಾನೆ, ಅಷ್ಟು ಗೊತ್ತು.” ಫೋನಿಗೆ ‘ಟೂ ಮಚ್’ ಎಂದು ಹೇಳಿ ಇಟ್ಟುಬಿಟ್ಟರು. “ಸುಮ್ನಿರು. ಅವನೇ ಕೂಗ್ತಾನೆ.”

ಇಬ್ಬರ ಶಾಸ್ತ್ರ ಬೇರೆ, ತೀರ್ಮಾನ ಒಂದೇ. ಎರಡು ಶಾಸ್ತ್ರಗಳು ಒಪ್ಪಿದ ಮೇಲೆ ತಪ್ಪಾಗುವುದುಂಟೇ ಎಂದು ಡೈರಿಯಲ್ಲಿ ಬರೆದಿದ್ದೇನೆ. ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಗ್ಯಾಸಿನವನು ಕೂಗಲಿಲ್ಲ. ದರ ಇಳಿಯಲಿಲ್ಲ. ಅಕ್ಟೋಬರಿನಲ್ಲಿ ಆಂಟಿಯೇ ಫೋನ್ ಮಾಡಿದಾಗ, ಈ ವರ್ಷದ ಒಪ್ಪಂದಗಳು ಮುಗಿದವು ಎಂದರು ಕಂಪನಿಯವರು. ಡಿಸೆಂಬರಿನ ಹೊತ್ತಿಗೆ ದರ ಎಲ್ಲಿಗೋ ಏರಿತ್ತು. ಇಡೀ ಗ್ರೀನ್‌ಹೌಸ್ ಬೆಚ್ಚಗಿಡುವುದು ಆಗದ ಮಾತು. ನಡುವೆ ಅಡ್ಡಲಾಗಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅರ್ಧಕ್ಕೆ ಮಾತ್ರ ಹೀಟರ್ ಹಚ್ಚಿದೆವು. ಕುಂಡದಲ್ಲಿದ್ದ ಬಳ್ಳಿಗಳನ್ನು ಪರಿಚಯದವರ ಮನೆಗಳಿಗೆ ಹಂಚಿದೆವು.

“ನಿನ್ನ ಗ್ರಾಫ್ ಎಲ್ಲೋ? ತಂದು ಬಳ್ಳಿಗೆ ಹೊದಿಸು, ಬೆಚ್ಚಗಾದ್ರೂ ಇರ್ಲಿ” ಎಂದರು ಹಾಳೆ ಕಟ್ಟುವಾಗ.

“ನಿಮ್ಮ ಗ್ಯಾಸಿನವನು ಇನ್ನೂ ಕೂಗಿಲ್ವಾ ಆಂಟಿ?”

“ಬಾಯಿ ಮುಚ್ಕೊಂಡು ಹಗ್ಗ ಎಳಿ.”

ನಕ್ಕರು. ಆದರೆ ಆಚೆ ಅರ್ಧದಲ್ಲಿ, ನೆಲದಲ್ಲೇ ಉಳಿದು ಚಳಿಗೆ ಕಪ್ಪಾದ ಬಳ್ಳಿಗಳನ್ನು ಕತ್ತರಿಸುವ ದಿನ, ಟೀ ಮಾಡಿಕೊಂಡು ಬಾ ಎಂದು ನನ್ನನ್ನು ಹೊರಗೆ ಕಳಿಸಿದರು. ಅವರು ಟೀ ಕುಡಿಯುತ್ತಿರಲಿಲ್ಲ.

ಉಳಿದ ಅರ್ಧದಲ್ಲಿ ವ್ಯಾಪಾರ ನಡೆಯುವಂತಿರಲಿಲ್ಲ. ವಸಂತದಲ್ಲಿ ಗ್ರೀನ್‌ಹೌಸ್ ಮಾರಿ, ಹ್ಯೂಸ್ಟನ್‌ನಲ್ಲಿದ್ದ ತಂಗಿಯ ಹತ್ತಿರ ಹೊರಟರು. ಅಲ್ಲಿ ಬಳ್ಳಿ ಹಿತ್ತಲಲ್ಲೇ ಹಬ್ಬುತ್ತದಂತೆ. ಹೊರಡುವ ದಿನ ಎಜುಕೇಶನ್ ಹಿಲ್ ಬಡಾವಣೆಯ ನನ್ನ ಮನೆಗೆ ಬಂದರು. ಹಂಚಿದ ಬಳ್ಳಿಗಳಲ್ಲಿ ಒಂದು ನನ್ನ ಕಿಟಕಿಯಲ್ಲಿ ಚಳಿಗಾಲ ಕಳೆದಿತ್ತು. ಅದರ ಎಲೆಯನ್ನು ಬೆರಳಲ್ಲಿ ಸವರಿ ಕೇಳಿದರು:

“ಎಷ್ಟಕ್ಕೆ ಕೊಡ್ತೀಯ?”

“ಆಂಟಿ, ಇದು ನಿಮ್ಮದೇ!”

“ಸಾಕಿದವನು ನೀನು. ಬೆಲೆ ಹೇಳು.”

“ಐದು ಡಾಲರ್.”

“ಈ ನಾಲ್ಕು ಎಲೆಗಾ? ಎರಡು ಕೊಡ್ತೀನಿ.”

“ಆಗಲ್ಲ ಆಂಟಿ.”

ಬ್ಯಾಗ್ ಹೆಗಲಿಗೇರಿತು. ದುಪಟ್ಟಾ ಸರಿಯಾಯಿತು. ಚಪ್ಪಲಿ ಎಳೆಯುತ್ತ ಹೊರಟೇಬಿಟ್ಟರು. ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ.

“ಬನ್ನಿ ಆಂಟಿ, ನಿಮ್ಮ ಬೆಲೆಗೇ ತಗೊಳ್ಳಿ!”

ತಿರುಗಿದರು. ಮುಖ ಅರಳಿತ್ತು, ಬಾಯಲ್ಲಿ ಮಾತ್ರ ಬೈಗುಳ. “ಇಷ್ಟು ಬೇಗ ಕೂಗಿಬಿಟ್ಯಲ್ಲೋ! ಕಾರ್ ಬಾಗಿಲು ತೆಗೆಯೋವರೆಗೆ ತಡೆದಿದ್ರೆ ನಾನೇ ನಾಲ್ಕು ಅಂತಿದ್ದೆ. ಟೈಮಿಂಗೇ ಬರಲ್ಲ ನಿನಗೆ, ಬೇಟಾ.”

ಎರಡು ಡಾಲರ್ ನನ್ನ ಕೈಯಲ್ಲಿಟ್ಟು, ಪಕ್ಕದ ಸೀಟಿನಲ್ಲಿ ಕುಂಡಕ್ಕೆ ಬೆಲ್ಟ್ ಹಾಕಿ ಹೊರಟರು. ನಮ್ಮ ಬೀದಿಯ ತುದಿಯಲ್ಲಿ ಸ್ಟಾಪ್ ಫಲಕವಿದೆ. ಆ ಕಡೆ ಈ ಕಡೆ ಒಂದು ವಾಹನವೂ ಇರಲಿಲ್ಲ. ಆದರೂ ಅವರ ಕಾರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿತ್ತು. ಆ ನಿಧಾನ ನನಗೆ ಗೊತ್ತಿತ್ತು. ಈ ಸಲವಾದರೂ ಸರಿಯಾದ ಗಳಿಗೆಗೆ ಕೂಗೋಣವೆಂದು ಸ್ವಲ್ಪ ತಡೆದೆ.

ಕೂಗುವಷ್ಟರಲ್ಲಿ ಕಾರು ತಿರುಗಿಯಾಗಿತ್ತು.