ಹಳೆಯ ಮೋಟಾರು ಗರಗಸಕ್ಕೆ ಗಿರಾಕಿ

ಬೆಳಿಗ್ಗೆ ನಮ್ಮ ಓಣಿಯ ತಿರುವಿನಲ್ಲಿ ಬೇವಿನ ಮರದ ಟೊಂಗೆ ಕೊಯ್ಯುವ ಗದ್ದಲ ಸುರುವಾಯಿತು. ಕರೆಂಟಿನ ತಂತಿಗೆ ತಾಗುತ್ತಿತ್ತಂತೆ. ಚಹಾದ ಕಪ್ಪು ಕೆಳಗಿಟ್ಟು ಬಾಗಿಲಿಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ ಎಂದರೆ ನೀವು ನಗುತ್ತೀರಿ. ಸರಿ, ಬೇಗ ಬೇಗ ನಡೆದೆ ಅನ್ನಿ. ಪೆಟ್ರೋಲಿನ ಹೊಗೆ, ಅದರ ಜೊತೆಗೆ ಹಸಿ ಬೇವಿನ ಹೊಟ್ಟಿನ ಕಹಿ ವಾಸನೆ. ಇವೆರಡೂ ಕೂಡಿ ಮೂಗಿಗೆ ಬಂದರೆ ಸಾಕು, ನನಗೆ ಮತ್ತೆ ಹದಿನೆಂಟು ತುಂಬುತ್ತದೆ.

ಹೌದ್ರೀ, ನಾನು ಗರಗಸ ಹಿಡಿದವಳು. ಅದೂ ಅಂತಿಂಥದ್ದಲ್ಲ, ಮೋಟಾರು ಗರಗಸ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಡೆಯ ಜನ ಅಂಥದ್ದನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಅಂಥ ಕಾಲದಲ್ಲಿ ನಮ್ಮಪ್ಪ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಮತ್ತೆ ಸೆಕೆಂಡ್ ಹ್ಯಾಂಡಿನಲ್ಲಿ ಮಾರಲು ಹೊರಟ ಮಹಾನುಭಾವ.

ಅಪ್ಪ ಬಡಗಿ. ಕೈ ಬಹಳ ನಾಜೂಕು, ಬುದ್ಧಿ ಆಗಾಗ ಗಾಳಿಗೆ ಬಿಟ್ಟ ಪಟ. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ತುಸು ಮುಂಚೆ ಹೈದರಾಬಾದಿಗೆ ಕೀಲು-ಕೊಂಡಿ ತರಲು ಹೋದವನು, ಮಿಲ್ಟ್ರಿಯವರು ಬೇಡವೆಂದು ಹರಾಜಿಗಿಟ್ಟ ಈ ಗರಗಸ ತಂದ. ಎತ್ತಿನ ಗಾಡಿಯಿಂದ ಇಳಿಸಲು ಇಬ್ಬರು ಬೇಕಾಯಿತು. ಒಂದು ಕಡೆ ಎಂಜಿನ್ನು, ನಡುವೆ ಹಲ್ಲಿನ ಸರಪಳಿ ಸುತ್ತುವ ಉದ್ದನೆಯ ಪಟ್ಟಿ, ಆ ತುದಿಗೆ ಇನ್ನೊಬ್ಬರು ಹಿಡಿಯಲು ಒಂದು ಹಿಡಿಕೆ. ಅವ್ವ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮೈಸೂರಂದ್ರ ಏನಂತ ತಿಳಿದಿ? ಎಲ್ಲಾ ಅಡವಿ," ಅಂದ ಅಪ್ಪ. "ಅಲ್ಲಿ ಸಾಹೇಬರಿಗಿ ಗಿಡ ಕಂಡ್ರ ಕೈ ಸುಮ್ಮನಿರಂಗಿಲ್ಲ. ನಾಳಿ ಇಲ್ಲಿಗಿ ಬರ್ತಾರ, ಮೊದಲ ಇದನ್ನೇ ಕೇಳ್ತಾರ. ಎರಡು ಪಟ್ಟು ಕಿಮ್ಮತ್ತಿಗಿ ಕೊಡ್ತೇನಿ, ನೋಡ್ಕೋತಿರು!"

ಸಾಹೇಬರು ಬಂದರು. ಬರುವಾಗ ಫೈಲು ತಂದರು. ಗರಗಸದ ಮಾತು ಯಾರೂ ಎತ್ತಲಿಲ್ಲ. ನಮ್ಮಲ್ಲಾದರೂ ಕೊಯ್ಯಲು ಏನಿದೆ ಹೇಳಿ? ಹೊಲದ ಬದುವಿಗೆ ಜಾಲಿ, ಬಾವಿಯ ಹತ್ತಿರ ಬೇವು, ಊರಿಗೆ ಒಂದೆರಡು ಹುಣಸೆ.

ಇದರಲ್ಲಿ ನನ್ನ ಪಾಡೇನು ಅಂದರೆ, ಆ ಗರಗಸಕ್ಕೆ ಹೋದದ್ದು ನನ್ನ ಟ್ರೇನಿಂಗಿಗೆಂದು ತೆಗೆದಿಟ್ಟ ರೊಕ್ಕ. ಮೊದಲು ನಮ್ಮ ಸಾಲಿಯಲ್ಲಿ ಉರ್ದು ನಡೆಯುತ್ತಿತ್ತು. ಕನ್ನಡ ಅಕ್ಷರ ನಾನು ಮನೆಯಲ್ಲಿ ಅವ್ವನ ತಮ್ಮನಿಂದ ಕಲಿತದ್ದು. ಈಗ ರಾಜ್ಯ ಬದಲಾಗಿ, ಹಳ್ಳಿಹಳ್ಳಿಗೂ ಕನ್ನಡ ಸಾಲಿ, ಕಲಿಸುವವರೇ ಇಲ್ಲ. ಗುಲ್ಬರ್ಗಾಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದರೆ ನಾನು ಮಾಸ್ತರಿಣಿ. ಜೂನಿನಲ್ಲಿ ಸೇರಬೇಕು, ಅಲ್ಲಿಯ ಊಟ-ವಸತಿಗೆ ಖರ್ಚು ಬೇಕು. ಗರಗಸ ಮಾರಿಹೋದರೆ ನಾನು ಗುಲ್ಬರ್ಗಾಕ್ಕೆ ಹೋದೆ, ಇಲ್ಲದಿದ್ದರೆ ಮುಂದಿನ ಮಾಘಕ್ಕೆ ಯಾರದೋ ಮನೆಯ ಸೊಸೆ.

ನಮ್ಮ ಓಣಿಯ ಮಹಬೂಬ್ ಚಾಚಾ ನೀರೆತ್ತುವ ಎಂಜಿನ್ನುಗಳ ರಿಪೇರಿಯವರು. ಹಗ್ಗ ಎಳೆದು ಗರಗಸ ಚಾಲೂ ಮಾಡುವುದು, ಚಾಲೂ ಆಗದಿದ್ದರೆ ಬೈಯುವುದು ಅವರ ಪಾಲಿನ ಕೆಲಸ. ಎಂಜಿನ್ನಿನ ಕಡೆ ಅಪ್ಪ. ಆಚೆ ತುದಿಗೆ ಅಪ್ಪನ ಕೈಕೆಳಗಿನ ಆಳು ನಿಂತ. ಮೊದಲ ಗುಡುಗಿಗೇ ಹಿಡಿಕೆ ಬಿಟ್ಟು ಓಡಿದವನು ಮೂರು ದಿನ ಕೆಲಸಕ್ಕೆ ಬರಲಿಲ್ಲ. ನಾನು ಸೀರೆಯ ಸೆರಗು ಬಿಗಿದು ಹೋಗಿ ಹಿಡಿದೆ. ಅಯ್ಯೋ, ಆ ನಡುಕ! ಮೊಣಕೈ, ಹಲ್ಲು, ಕಿವಿಯ ಓಲೆ ಎಲ್ಲಾ ಗಡಗಡ. "ಶಾಬಾಸ್ ಬೇಟಿ! ಛೋಡೋ ನಕ್ಕೋ!" ಎಂದು ಚಾಚಾ ಕುಣಿದರು. ಬಿಡಬೇಡ ಅಂತ ಹೇಳುವ ಅಗತ್ಯವೇ ಇರಲಿಲ್ಲ, ಬಿಡಲು ಮನಸ್ಸೇ ಆಗುತ್ತಿರಲಿಲ್ಲ.

"ಕನ್ಯಾ ನೋಡಾಕ ಬಂದೋರಿಗಿ ಏನ್ ಹೇಳ್ಲಿ? ಮಗಳು ಆರಾ ಹಿಡೀತಾಳ ಅಂತ ಹೇಳ್ಲ್ಯಾ?" ಅವ್ವ ಅಳುವುದೊಂದು ಬಾಕಿ. ನಮ್ಮ ಕಡೆ ಗರಗಸಕ್ಕೆ ಆರಾ ಅನ್ನುತ್ತಾರೆ.

"ಹೇಳು. ಅಂಜೋರು ಬರಂಗಿಲ್ಲ, ಛಲೋನೇ ಆತು," ಅಂದ ಅಪ್ಪ.

ಹಳೆಯ ಸಾಮಾನು ಕೊಳ್ಳುವುದಕ್ಕೆ ನಮ್ಮ ಸೀಮೆಯಲ್ಲಿ ಒಂದು ರಿವಾಜು ಇತ್ತು. ಮೊದಲು "ಯಾಕ ಮಾರ್ತೀರಿ?" ಎಂದು ಕೇಳಬೇಕು. ಆಮೇಲೆ ಆ ಸಾಮಾನು ಕೊಳ್ಳುವವನ ಅಂಗಳದಲ್ಲಿ, ಅವನದೇ ಕೆಲಸ ಮಾಡಿ ತೋರಿಸಬೇಕು. ಆಮೇಲೆ ಒಂದು ಸಂತೆ ಕಳೆಯುವ ತನಕ ಅವನು ಯೋಚನೆ ಮಾಡಬೇಕು. ಮಾರುವವನಿಗೂ ಒಂದು ಕಟ್ಟು ಉಂಟು: ಗರಜು ಇದೆ, ರೊಕ್ಕ ತುರ್ತಾಗಿ ಬೇಕು ಅಂತ ಅಪ್ಪಿತಪ್ಪಿಯೂ ಹೇಳಬಾರದು. ಹೇಳಿದರೆ ಮಾನವೂ ಹೋಯಿತು, ಕಿಮ್ಮತ್ತೂ ಹೋಯಿತು.

ಅಪ್ಪ, ಚಾಚಾ, ನಾನು ಮೊದಲು ಭಾಲ್ಕಿಗೆ ಹೋದೆವು, ರೈಲಿನಲ್ಲಿ, ಗಾರ್ಡಿನ ಡಬ್ಬಿಯಲ್ಲಿ ಗರಗಸ ಹೇರಿ. ಅಲ್ಲಿಯ ಕಟ್ಟಿಗೆ ಅಡ್ಡೆಯವನು ಒಂದು ರಾಶಿ ದಿಮ್ಮಿ ತೋರಿಸಿದ. ಮಧ್ಯಾಹ್ನದ ತನಕ ಕೊಯ್ದೆವು. ಜನವೋ ಜನ! "ಏ, ಹುಡುಗಿ ಹಿಡದಾಳ ನೋಡ್ರೋ!" ಎಂದು ಗೋಡೆ ಹತ್ತಿ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು, ಖರೇ ಹೇಳಲಾ? ಮೈಯೆಲ್ಲ ಹುರುಪು. ಎಲ್ಲ ಮುಗಿದ ಮೇಲೆ ಅಡ್ಡೆಯವನು ಗಡ್ಡ ಕೆರೆದು, "ಯೋಚನಿ ಮಾಡಿ ಹೇಳ್ತೇವ್ರಿ," ಅಂದ. ಸಾಯಗಾಂವದಲ್ಲಿ ನಾವು ಹೋಗುವ ಮೊದಲೇ ಬಾಗಿಲ ಚೌಕಟ್ಟಿನ ಅಳತೆಗೆ ದಿಮ್ಮಿಗಳ ಮೇಲೆ ಸುಣ್ಣದ ಗೀಟು ಎಳೆದಿಟ್ಟಿದ್ದರು. ಮನ್ನಳ್ಳಿಯಲ್ಲಂತೂ ಒಂದು ಮದುವೆಯ ಅಡುಗೆಗೆ ಬೇಕಾದ ಕಟ್ಟಿಗೆ ಅಷ್ಟೂ ಕೊಯ್ದು ಕೊಟ್ಟು, ಹುಗ್ಗಿ ಉಂಡು, ಗರಗಸ ಹೊತ್ತುಕೊಂಡು ವಾಪಸು ಬಂದೆವು. ಪೆಟ್ರೋಲು ನಮ್ಮದು, ಬೆವರು ನಮ್ಮದು, ಯೋಚನೆ ಮಾತ್ರ ಅವರದು.

ಎಲ್ಲಿ ಹೋದರೂ "ಯಾಕ ಮಾರ್ತೀರಿ?" ಅನ್ನುವುದಕ್ಕೆ ಅಪ್ಪ ಎದೆ ಉಬ್ಬಿಸಿ ಒಂದೇ ಉತ್ತರ ಕೊಡುತ್ತಿದ್ದ: "ಕೆಲಸ ಭಾಳ ಅದರಿ ನಮಗ. ಇದಕ್ಕ ಪುರಸೊತ್ತು ಸಿಗವಲ್ದು." ಪುರಸೊತ್ತಿಲ್ಲದ ಮನುಷ್ಯ ಊರೂರು ತಿರುಗಿ ಬಿಟ್ಟಿ ಕಟ್ಟಿಗೆ ಕೊಯ್ಯುತ್ತಿದ್ದಾನಲ್ಲ ಎಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಅವರಿಗೆ ಕಟ್ಟಿಗೆಯ ಗರಜು ಇತ್ತೋ!

ಮೇ ಮುಗಿಯುತ್ತ ಬಂತು. ಔರಾದಿನ ಕಡೆಯ ಎಕಂಬಾದಿಂದ ಪಾಟೀಲರು ಹೇಳಿ ಕಳಿಸಿದರು: ಗಾಳಿಗೆ ದೊಡ್ಡ ಬೇವು ಬಿದ್ದಿದೆ, ತಂದು ತೋರಿಸಿ. ಬಸ್ಸಿನ ಮೇಲೆ ಏರಿಸಿಕೊಂಡು ಹೋದೆವು. ಪಾಟೀಲರು ಒಣಕಲು ಮೈಯ ಮುದುಕರು, ಮಾತು ಕಡಿಮೆ. ಬೇವು ಕೊಯ್ದು ಮುಗಿಸಿದಾಗ ನನ್ನ ಕೈ ಮರಗಟ್ಟಿತ್ತು. ಅವರು ಕೇಳಿದರು, ಯಾಕ ಮಾರ್ತೀರಿ ಅಂತ. ಅಪ್ಪ ಎಂದಿನ ಪಾಠ ಒಪ್ಪಿಸಿದ. "ನೋಡೋಣ್ರಿ, ಮುಂದಿನ ಸಂತಿ ಆಗಲಿ," ಅಂದರು ಪಾಟೀಲರು.

ನನ್ನ ತಲೆ ಕೆಟ್ಟುಹೋಯಿತು.

"ಮುಂದಿನ ಸಂತಿ ಅಂದ್ರ ನನ್ನ ಸಾಲಿ ಹೋಯ್ತ್ರಿ ಮಾಮಾ!" ಎಂದು ಕೂಗಿದೆ. "ಕೆಲಸ ಭಾಳ ಇಲ್ಲ, ಏನೂ ಇಲ್ಲ. ನನ್ನ ಟ್ರೇನಿಂಗಿನ ರೊಕ್ಕ ಹಾಕಿ ಇದನ್ನ ತಂದಾನ ನಮ್ಮಪ್ಪ. ಇದು ಹೋದ್ರ ನಾ ಕನ್ನಡ ಮಾಸ್ತರಿಣಿ ಆಗ್ತೇನಿ. ಹೋಗ್ಲಿಲ್ಲಂದ್ರ ಇದರ ಬಾಲ ಹಿಡಕೊಂಡು ಊರಮಂದಿ ಕಟ್ಟಿಗಿ ಕೊಯ್ಕೋತ ಸಾಯ್ತೇನಿ. ತಗೋತೀರೋ ಇಲ್ಲೋ, ಈಗ ಹೇಳ್ರಿ!"

"ತೋಬಾ, ತೋಬಾ," ಎಂದು ಮಹಬೂಬ್ ಚಾಚಾ ಕಿವಿ ಹಿಡಿದುಕೊಂಡರು. ಅಪ್ಪ ನೆಲ ನೋಡುತ್ತ ನಿಂತ. ಅವನು ಹಾಗೆ ನಿಂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಪಾಟೀಲರು ನನ್ನನ್ನೇ ನೋಡಿ, "ಕನ್ನಡ ಬರೀಲಿಕ್ಕ ಬರ್ತದೇನು ನಿನಗ?" ಅಂದರು. ಅಪ್ಪನ ಕಿವಿಯ ಮೇಲಿದ್ದ ಪೆನ್ಸಿಲು ಕಸಿದುಕೊಂಡು, ಆಗಷ್ಟೇ ಕೊಯ್ದ ದಿಮ್ಮಿಯ ಮುಖದ ಮೇಲೆ ದೊಡ್ಡದಾಗಿ ಎಕಂಬಾ ಎಂದು ಬರೆದೆ. ಮುದುಕರು ಬಗ್ಗಿ, ತಮಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ಒಳಗೆ ಹೋಗಿ ರೊಕ್ಕ ತಂದರು. ಚೌಕಾಸಿ ಮಾಡಲಿಲ್ಲ, ಸಂತೆಯನ್ನೂ ಕಾಯಲಿಲ್ಲ. ಅಪ್ಪ ಔರಾದಿನ ಬಸ್‌ಸ್ಟ್ಯಾಂಡಿನ ತನಕ ರೊಕ್ಕದ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಬಂದ. ಅಲ್ಲಿ ಜಿಲೇಬಿ ಕಟ್ಟಿಸಿ ನನ್ನ ಕೈಗಿಟ್ಟು, "ನಿನ್ನ ನಾಲಿಗಿ ಆ ಆರಾಕ್ಕಿಂತ ಚೂಪ್ ಅದ," ಅಂದ. ಮೂವರೂ ನಕ್ಕೆವು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಟ್ರೇನಿಂಗ್ ಮುಗಿಯಿತು. ಬೀದರಿನಲ್ಲೇ ಸಾಲಿ ಸಿಗುತ್ತದೆಂದು ಆಸೆಪಟ್ಟಿದ್ದೆ. ಆರ್ಡರು ಬಂದದ್ದು ಎಕಂಬಾಕ್ಕೆ. ಹಣೆಬರಹ ಎಂದು ಅಳುತ್ತಲೇ ಹೋದೆ. ಪಾಟೀಲರ ದನದ ಕೊಟ್ಟಿಗೆಯಲ್ಲಿ ನಮ್ಮ ಗರಗಸ ಕೂತಿತ್ತು, ಎಂಜಿನ್ನಿನ ಮೇಲೆ ಎರಡು ಕೋಳಿ.

"ಮಾಮಾ, ಇದನ್ನ ನಡಸೇ ಇಲ್ಲೇನ್ರಿ?"

"ನನಗ ಅದು ಎಲ್ಲಿ ಬರ್ತದ? ಕೊಯ್ಯೋದಾದ್ರೂ ಏನದ? ಇದ್ದೊಂದು ಗಿಡ ನೀವೇ ಕೊಯ್ದು ಹೋದ್ರಿ."

"ಮತ್ತ ಯಾಕ ತಗೊಂಡ್ರಿ?"

"ನಮ್ಮೂರಿಗಿ ಮಾಸ್ತರು ಯಾರೂ ಬರವಲ್ರು. ನೀ ಆಗ್ತೇನಿ ಅಂದಿ. ಎರಡು ವರ್ಷ ಆಫೀಸಿಗಿ ಅರ್ಜಿ ಕೊಡ್ಕೋತ ಬಂದೀನಿ, ನಿನ್ನ ಹೆಸರೇ ಬರಿಸಿ. ಕಡಿಗಿ ಬೇಜಾರಾಗಿ ಕಳಿಸ್ಯಾರ."

ಕೊಟ್ಟಿಗೆಯಲ್ಲೇ ಕೂತುಬಿಟ್ಟೆ. ಆಮೇಲೆ ಬೇರೆ ಊರಿಗೆ ವರ್ಗ ಬಂದಾಗೆಲ್ಲ ನಾನೇ ಅರ್ಜಿ ಕೊಟ್ಟು ತಪ್ಪಿಸಿಕೊಂಡೆ. ರಿಟೈರ್ ಆದದ್ದೂ ಎಕಂಬಾದಲ್ಲೇ.

ರಜೆಗೆ ಬೀದರಿಗೆ ಬಂದಾಗೆಲ್ಲ ಅಪ್ಪನ ಮೊದಲ ಪ್ರಶ್ನೆ ಒಂದೇ. "ನನ್ನ ಆರಾ ಹ್ಯಾಂಗ ನಡದದ?" ಎಕಂಬಾದ ಮಂದಿಗೆಲ್ಲ ಖರೇ ಮಾತು ಹೇಳಿ ಹೆಸರು ಮಾಡಿದವಳು ನಾನು, ಅಪ್ಪನ ಮುಂದೆ ಮಾತ್ರ ಸುಳ್ಳು. "ಭಾಳ ಛಂದ ನಡದದ ಅಪ್ಪಾ, ಸಾಲಿ ತೊಲಿ ಎಲ್ಲಾ ಅದರಲೇ ಕೊಯ್ದಾರ," ಅನ್ನುತ್ತಿದ್ದೆ. ಅವನು ಗಿರಾಕಿಗಳ ಮುಂದೆ ಅದನ್ನೇ ಹೇಳಿ ಹಿಗ್ಗುತ್ತಿದ್ದ. ಹಾಗೇ ಹಿಗ್ಗುತ್ತ ಒಂದು ದಿನ ಕಣ್ಣು ಮುಚ್ಚಿದ.

ಇವತ್ತು ಬಾಗಿಲಲ್ಲಿ ನಿಂತು ಇದೆಲ್ಲ ನೆನೆಯುತ್ತಿದ್ದವಳು, ಇಷ್ಟು ವರ್ಷ ಗಂಟಲಲ್ಲೇ ಉಳಿದದ್ದನ್ನು ಜೋರಾಗಿ ಆಡಿಬಿಟ್ಟೆ: "ಅಪ್ಪಾ, ಅದು ಒಂದು ದಿನಾನೂ ನಡೀಲಿಲ್ಲ. ಪಾಟೀಲ ಮಾಮಾ ಹಗ್ಗಾ ಸುದ್ದಾ ಎಳೀಲಿಲ್ಲ. ನನ್ನ ಸಲುವಾಗಿ ತಗೊಂಡಿದ್ರು."

ಟೊಂಗೆ ಎಳೆಯುತ್ತಿದ್ದವನೊಬ್ಬ ತಿರುಗಿ ನೋಡಿದ. "ಏನ್ರೀ ಅವ್ವಾ, ಯಾರ ಜೋಡಿ ಮಾತಾಡ್ಲತ್ತೀರಿ?"

"ನಮ್ಮಪ್ಪನ ಜೋಡಿ," ಅಂದೆ. "ನಗ್ಲತ್ತಾನ."