ಒರತೆಯಿಲ್ಲದ ಮರಳು

ನನ್ನ ತಂಗಿ ಧರಣಿಗೆ ಸಿದ್ಧಾರ್ಥನಗರದಲ್ಲಿ ಡ್ರೈವಿಂಗ್ ಸ್ಕೂಲ್ ಇದೆ. ಆ ಬಡಾವಣೆಯ ಅರ್ಧಕ್ಕರ್ಧ ಹೆಂಗಸರಿಗೆ ಕ್ಲಚ್ ಬಿಡುವುದನ್ನು ಕಲಿಸಿದವಳು ಅವಳೇ. ಗಾಡಿ ಚರಂಡಿಯ ಕಡೆಗೆ ಹೊರಟಾಗಲೂ ಅವಳ ದನಿ ಏರುವುದಿಲ್ಲ. "ಇರ್ಲಿ ಕಣಮ್ಮ, ಈಗ ಬ್ರೇಕ್ ಒತ್ತು" ಎನ್ನುತ್ತಾಳೆ, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳುವ ಹಾಗೆ. ನನಗೆ ಆ ತಾಳ್ಮೆಯಿಲ್ಲ. ನಾನು ಮಂಡಕಳ್ಳಿ ರಸ್ತೆಯಲ್ಲಿ ಟೈಲ್ಸ್ ಮಾರುವವನು. ಗಿರಾಕಿ ಎರಡು ಸಲ ಬಣ್ಣ ಬದಲಾಯಿಸಿದರೆ ನನ್ನ ಮುಖದ ಬಣ್ಣವೂ ಬದಲಾಗುತ್ತದೆ.

ಇಂಥ ತಂಗಿ ಒಂದು ಭಾನುವಾರ ಮುದ್ದೆ ಬಡಿಸುತ್ತಾ, "ಅಣ್ಣ, ಜೀಪ್ ತಗೊಂಡು ಸಹರಾ ಮರುಭೂಮಿಗೆ ಹೋಗಣ ಅಂತಿದೀವಿ, ನಾನೂ ಇವ್ರೂ. ನೀನೂ ಬಾ" ಎಂದಳು. ಇವ್ರು ಎಂದರೆ ಅವಳ ಗಂಡ ಚೆಲುವರಾಜು. ಡೀಸೆಲ್ ಇಂಜಿನ್ ಮೆಕ್ಯಾನಿಕ್. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಸುಮ್ಮನಿರುವ ಆಸಾಮಿ.

"ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದು ರೇಗಿದೆ. ರೇಗಿದೆ ಅಷ್ಟೆ, ಒಳಗೊಳಗೇ ಆಸೆ ಹುಟ್ಟಿತ್ತು. ಅರವತ್ತರ ಹತ್ತಿರ ಬಂದಿದ್ದೇನೆ. ಮದುವೆ, ಗೃಹಪ್ರವೇಶ, ತಿಥಿ ಬಿಟ್ಟರೆ ನನ್ನನ್ನು ಯಾರೂ ಎಲ್ಲಿಗೂ ಕರೆದವರಲ್ಲ. ಜೀಪಿನ ಹಿಂದಿನ ಸೀಟು ನನ್ನದೇ ಎಂದು ಧರಣಿ ಮಾತು ಕೊಟ್ಟಳು. ಅದು ಎಲ್ಲಿ ಕೈತಪ್ಪುತ್ತದೋ ಎಂಬ ಭಯ ಅವತ್ತಿನಿಂದಲೇ ಶುರುವಾಯಿತು.

ಈ ಹುಚ್ಚು ಅವಳಿಗೆ ಇಂದು ನಿನ್ನೆಯದಲ್ಲ. ನಮ್ಮ ಊರು ನರಸೀಪುರದ ಆಚೆ, ಕಾವೇರಿ ದಂಡೆಯ ಮೇಲೆ. ಚಿಕ್ಕವಳಿದ್ದಾಗ ತಲಕಾಡಿಗೆ ಕರೆದುಕೊಂಡು ಹೋಗಿದ್ದೆ. ಬೇರೆ ಮಕ್ಕಳೆಲ್ಲ ಮರಳಲ್ಲಿ ಉರುಳಾಡುತ್ತಿದ್ದರೆ ಇವಳು ದಿಬ್ಬದ ತುದಿಯಲ್ಲಿ ನಿಂತು, "ಇದು ಎಲ್ಲಿಗಂಟ ಐತಣ್ಣ?" ಎಂದಳು. "ಹೊಳೆಗಂಟ ಕಣೇ" ಎಂದೆ. ಮುಖ ಸಪ್ಪಗೆ ಮಾಡಿಕೊಂಡು ಇಳಿದು ಬಂದಳು.

ಅವಳ ಮನೆಯ ನಡುಮನೆಯ ಗೋಡೆಗೆ ಈಗ ಆಲ್ಜೀರಿಯಾ ದೇಶದ ನಕ್ಷೆ ಬಂತು. ಚೆನ್ನೈನಿಂದ ಹಡಗಿನಲ್ಲಿ ಜೀಪ್ ಕಳಿಸುವುದು, ನಾವು ವಿಮಾನದಲ್ಲಿ ಹೋಗಿ ಅದನ್ನು ಬಿಡಿಸಿಕೊಳ್ಳುವುದು, ದಕ್ಷಿಣಕ್ಕೆ ಇಳಿದು ಜಾನೆತ್ ಎಂಬ ಊರಿನಿಂದ ಮರಳಿಗೆ ಇಳಿಯುವುದು. ಅಲ್ಲಿಂದ ಮುಂದೆ ಮೂಸಾ ಎಂಬ ದಾರಿ ತೋರುವವನು ತನ್ನ ಗಾಡಿಯಲ್ಲಿ ಜೊತೆಗೆ ಬರುತ್ತಾನೆ. ಒಮ್ಮೆ ಸುಮ್ಮನೆ ಆ ನಕ್ಷೆಯ ಮೇಲೆ ಅಂಗೈ ಇಟ್ಟೆ. ಅಂಗೈ ಕೆಳಗೆ ಒಂದೇ ಒಂದು ಊರಿನ ಹೆಸರಿರಲಿಲ್ಲ. ನಮ್ಮ ಕಡೆ ಅಷ್ಟು ಜಾಗದಲ್ಲಿ ಎಷ್ಟು ಊರು, ಎಷ್ಟು ದೇವಸ್ಥಾನ, ಎಷ್ಟು ಜಗಳ! ಕೈ ತೆಗೆಯಲು ಒಂದು ಥರ ಹೆದರಿಕೆಯಾಯಿತು.

ಕಷ್ಟ ಬಂದದ್ದು ಭಾರದ ವಿಷಯದಲ್ಲಿ. ಡೀಸೆಲ್ ಕ್ಯಾನು, ಎರಡು ಸ್ಪೇರ್ ಟೈರು, ಹೂತ ಚಕ್ರದ ಕೆಳಗೆ ಕೊಡಲು ಕಬ್ಬಿಣದ ಹಲಗೆಗಳು, ಟೆಂಟು, ಜೊತೆಗೆ ನಾನು. "ಸ್ಪ್ರಿಂಗ್ ಪಟ್ಟಾ ಇಷ್ಟು ಭಾರ ತಡೆಯಲ್ಲ" ಎಂದ ಚೆಲುವರಾಜು. ಏನನ್ನಾದರೂ ಇಳಿಸಲೇಬೇಕಿತ್ತು. ನಕ್ಷೆಯಲ್ಲಿ ಒಣಹೊಳೆಗಳ ಗೆರೆಗಳಿದ್ದವು. ಅವನ್ನು ನೋಡಿ ನಮಗೆ ಸಮಾಧಾನವಾಯಿತು, ನೀರನ್ನೇ ಅರ್ಧ ಇಳಿಸಿದೆವು.

ಹೊಳೆ ದಂಡೆಯವರಿಗೆ ಮರಳು ಎಂದರೆ ನೀರೇ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ನಮ್ಮ ಹೆಂಗಸರು ಮರಳಲ್ಲಿ ಮೊಣಕೈ ಆಳಕ್ಕೆ ಗುಂಡಿ ತೋಡುತ್ತಾರೆ. ಸುತ್ತಲಿಂದ ನೀರು ಜಿನುಗಿ ತುಂಬುತ್ತದೆ. ಮೊದಲ ರಾಡಿಯನ್ನು ಎತ್ತಿ ಚೆಲ್ಲಿ, ಆಮೇಲೆ ಬರುವ ತಿಳಿಯನ್ನು ಕರಟದಲ್ಲಿ ಮೊಗೆಯುತ್ತಾರೆ. ಅದೇ ಒರತೆ. ನಮ್ಮ ಅವ್ವ ಪುಟ್ಟಮಾದಮ್ಮ ಅರ್ಧ ಆಯಸ್ಸು ಆ ನೀರು ಹೊತ್ತವಳು. "ಮರಳು ಅಂದ್ಮೇಲೆ ತೋಡುದ್ರೆ ನೀರ್ ಬರಲ್ವಾ? ಒಂದು ಕರಟ ಮಡಿಕ್ಕಳಿ ಸಾಕು" ಎಂದಳು. ನಾವು ಮೂವರೂ ತಲೆಯಾಡಿಸಿದೆವು.

ಬೆಟ್ಟಕ್ಕೆ ಹೋಗಿ ಜೀಪಿಗೆ ಪೂಜೆ ಮಾಡಿಸಿ, ನಮ್ಮೂರ ಹೊಳೆಗೆ ಇಳಿಸಿ ಪರೀಕ್ಷೆಯನ್ನೂ ಮಾಡಿದೆವು. ಹೂತುಕೊಳ್ಳದಿರಲೆಂದು ಟೈರಿನ ಗಾಳಿ ಇಳಿಸಿ ಧರಣಿ ಮರಳಲ್ಲಿ ಓಡಿಸಿದಳು. ಒಂದು ಕಡೆ ಹೂತು ಹೋಯಿತು. ಹಲಗೆ ಕೊಟ್ಟು, ತಳ್ಳಿ, ಎತ್ತಿಸುವ ಹೊತ್ತಿಗೆ ನನ್ನ ನಾಲಗೆ ಒಣಗಿತ್ತು. ಅವ್ವ ಪಕ್ಕದಲ್ಲೇ ಗುಂಡಿ ತೋಡಿ ತಣ್ಣನೆಯ ನೀರು ಕೊಟ್ಟಳು. ಸಹರಾವನ್ನೇ ಗೆದ್ದವರ ಹಾಗೆ ಮನೆಗೆ ಬಂದೆವು.

ಮರುದಿನ ಮೂಸಾ ಜಾನೆತ್ ಊರಾಚೆಯ ಮರಳಿನಿಂದ ವಿಡಿಯೋ ಕಾಲ್ ಮಾಡಿದ. ಜೀಪಿನಲ್ಲಿ ತುಂಬುವ ಸಾಮಾನನ್ನೆಲ್ಲ ಧರಣಿ ಒಂದೊಂದಾಗಿ ತೋರಿಸಿದಳು. ಎಲ್ಲಕ್ಕೂ ತಲೆಯಾಡಿಸಿದ ಅವನು, ನೀರು ಎಲ್ಲಿ ಎಂದು ಕೇಳಿದ. ಇವಳು ತನಗೆ ಬರುವ ಇಂಗ್ಲಿಷಿನಲ್ಲಿ, ಅರ್ಧ ಇದೆ, ಉಳಿದದ್ದನ್ನು ಹೊಳೆಯ ಮರಳು ತೋಡಿ ತೆಗೆಯುತ್ತೇವೆ ಎಂದಳು. ಇನ್ನೊಮ್ಮೆ ಹೇಳಿ ಎಂದ. ಹೇಳಿದಳು.

ಅವನು ನಗಲಿಲ್ಲ, ಬೈಯಲೂ ಇಲ್ಲ. ಫೋನನ್ನು ಕಲ್ಲಿಗೆ ಒರಗಿಸಿಟ್ಟು ಮಂಡಿಯೂರಿ ಮರಳು ತೋಡತೊಡಗಿದ. ಅವನ ಕೈ ಭುಜದವರೆಗೂ ಇಳಿಯಿತು. ಒದ್ದೆಯ ಕಲೆಯೂ ಕಾಣಲಿಲ್ಲ. ತೋಡಿದಷ್ಟೂ ಮರಳು ಸರಸರನೆ ಜಾರಿ ಬಂದು ಗುಂಡಿಯನ್ನು ತುಂಬಿಕೊಳ್ಳುತ್ತಿತ್ತು. ಅವನು ಎದ್ದು, "ನಿಮ್ಮ ನಕ್ಷೆಯಲ್ಲಿರುವ ಹೊಳೆ ಇದೇ. ಇದರಲ್ಲಿ ನೀರು ಹರಿದದ್ದನ್ನು ನನ್ನ ಅಜ್ಜ ಒಂದು ಸಲ ನೋಡಿದ್ದ. ತೋಡಿದರೆ ನೀರು ಸಿಗುವ ಜಾಗಗಳೂ ಇವೆ. ಆದರೆ ಅವನ್ನು ನಂಬಿ ಯಾರೂ ಹೊರಡುವುದಿಲ್ಲ. ಒಂದು ಗಾಡಿ ಕೆಟ್ಟರೆ ಇನ್ನೊಂದರ ನೀರು ಎಲ್ಲರ ಜೀವ ಉಳಿಸಬೇಕು" ಎಂದು ಹೇಳಿ, ಫೋನು ಎತ್ತಿ ಸುತ್ತ ತಿರುಗಿಸಿದ.

ಅದನ್ನು ಹೇಗೆ ಹೇಳಲಿ? ಕಪ್ಪು ಬಂಡೆಗಳು ಒಂಟಿಯಾಗಿ ನಿಂತಿದ್ದವು. ಅವುಗಳ ಕಾಲ ಬುಡದಿಂದ ಮರಳು ಎದ್ದು, ಏರಿ, ಇಳಿದು, ಮತ್ತೆ ಏರಿ ಆಕಾಶದೊಳಕ್ಕೇ ಹೋಗಿತ್ತು. ಒಂದು ಮರವಿಲ್ಲ, ಒಂದು ಹಕ್ಕಿಯಿಲ್ಲ. ಗಾಳಿಯ ಸದ್ದೊಂದೇ. ಸಿದ್ಧಾರ್ಥನಗರದ ಆ ನಡುಮನೆಯಲ್ಲಿ ನಾವು ನಾಲ್ವರೂ ಫೋನಿಗೆ ತಲೆ ಸೇರಿಸಿ ಕೂತಿದ್ದೆವು. ನಾನು ಎಷ್ಟು ಚಿಕ್ಕವನು ಎಂದು ಗೊತ್ತಾಗಿ ಯಾಕೋ ಸಂತೋಷವೂ ಆಯಿತು. ಅವ್ವ ಫೋನಿಗೆ ಎರಡೂ ಕೈ ಎತ್ತಿ ಮುಗಿದಳು.

"ಇಷ್ಟೊಂದ್ ಜಾಗನ ಸುಮ್ನೆ ಅಂಗೇ ಬುಟ್ಟವ್ನಲ್ಲಪ್ಪ ದೇವ್ರು!"

ಫೋನು ಇಟ್ಟ ಮೇಲೆ ಚೆಲುವರಾಜು ನನ್ನ ಹೊಟ್ಟೆಯ ಕಡೆ ನೋಡಿ, ತಕ್ಷಣ ಕಣ್ಣು ತಿರುಗಿಸಿದ. ಲೆಕ್ಕ ನನಗೂ ಅರ್ಥವಾಯಿತು. ನೀರು ಪೂರ್ತಿ ಹೊರಬೇಕೆಂದರೆ ಒಬ್ಬರು ಇಳಿಯಬೇಕು. ಓಡಿಸುವವಳು ಅವಳು, ಇಂಜಿನ್ ಬಲ್ಲವನು ಅವನು. ನಾನು ಬರೀ ನೋಡುವವನು.

ಧರಣಿ ಒಂದು ವಾರ ಒದ್ದಾಡಿದಳು. ಟೆಂಟು ಬೇಡ ಎಂದಳು, ಪಾತ್ರೆ ಬೇಡ ಎಂದಳು, ಸ್ಪೇರ್ ಟೈರು ಒಂದೇ ಸಾಕಾ ಎಂದು ಗಂಡನನ್ನು ಕೇಳಿದಳು. ಅವನು ಎಲ್ಲಕ್ಕೂ ತಲೆ ಅಡ್ಡಡ್ಡ ಆಡಿಸಿದ. ಮೂಸಾನ ಗಾಡಿಯಲ್ಲೂ ಅವನ ನೀರು, ಡೀಸೆಲ್ ತುಂಬಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಕೊನೆಗೆ ನನ್ನ ಅಂಗಡಿಗೇ ಬಂದು, "ಬೇಡ ಬುಡಣ್ಣ. ನಿನ್ ಕರ್ಕಂಡು ಹೋಯ್ತೀನಿ ಅಂದಿದ್ದೆ. ನೀನ್ ಬರಲ್ಲ ಅಂದ್ರೆ ನಾವೂ ಹೋಗಲ್ಲ" ಎಂದಳು.

ಒಂದು ಗಳಿಗೆ ನನಗೆ ಖುಷಿಯಾಯಿತು. ನನಗಿಲ್ಲದ್ದು ಯಾರಿಗೂ ಬೇಡ ಎಂಬ ಕೆಟ್ಟ ಖುಷಿ. ಆದರೆ ಕಣ್ಣ ಮುಂದೆ ಆ ಮರಳು ಬಂದು ನಿಂತಿತು. ಅಂಥದ್ದೊಂದು ಈ ಭೂಮಿಯ ಮೇಲಿದೆ, ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಅದರೊಳಗೆ ಗಾಡಿ ಓಡಿಸಬಲ್ಲಳು, ಅವಳನ್ನು ನಾನು ಟೈಲ್ಸ್ ಅಂಗಡಿಯಲ್ಲಿ ಕೂತು ತಡೆಯುವುದೇ? ನನ್ನ ಮೇಲೇ ಅಸಹ್ಯವಾಯಿತು.

"ಸುಮ್ನೆ ನಡಿಯೇ" ಎಂದು ರೇಗಿ, ಷಟರ್ ಎಳೆದು, ಅವಳ ಜೊತೆಯಲ್ಲೇ ಚೆಲುವರಾಜುವಿನ ಗ್ಯಾರೇಜಿಗೆ ಹೋದೆ. ಸ್ಪ್ಯಾನರ್ ಕೊಡು ಎಂದೆ.

"ನಾನ್ ಬಿಚ್ತೀನಿ ಬುಡಿ ಭಾವ" ಎಂದ ಅವನು.

ಅವನಿಗೆ ಬಿಡದೆ ಸ್ಪ್ಯಾನರ್ ಇಸಿದುಕೊಂಡೆ. ಹಿಂದಿನ ಸೀಟಿನ ಬೋಲ್ಟುಗಳನ್ನು ನಾನೇ ಬಿಚ್ಚಿದೆ. ಕೊನೆಯದು ತುಕ್ಕು ಹಿಡಿದು ಬಹಳ ಸತಾಯಿಸಿತು. ಧರಣಿ ಇನ್ನೊಂದು ತುದಿ ಹಿಡಿದಳು, ಇಬ್ಬರೂ ಸೇರಿ ಸೀಟನ್ನು ಕೆಳಗಿಳಿಸಿದೆವು. ಅಲ್ಲಿಗೆ ನೀರಿನ ಕ್ಯಾನುಗಳು ಒಂದಕ್ಕೊಂದು ಒತ್ತಿ ಸರಿಯಾಗಿ ಕೂತವು.

"ಅಲ್ಲಿಂದ ನಿಂಗೇನು ತರ್ಲಿ ಅಣ್ಣ?" ಎಂದಳು ಧರಣಿ. ದನಿ ಏರಿಸದವಳ ದನಿ ಒಡೆದಿತ್ತು.

"ಏನೂ ಬೇಡ ಕಣವ್ವ. ಈ ನೀರ್ನೆಲ್ಲ ಕುಡ್ದು ಖಾಲಿ ಮಾಡಿ, ಇಬ್ರೂ ವಾಪಸ್ ಬಂದ್ಬುಡಿ" ಎಂದೆ.